ಅಕ್ಕನ ಲಿವರ್ ಮತ್ತು ಅಂಗಳದ ಅಮೃತಬಳ್ಳಿ

ನನ್ನ ಅಕ್ಕ ಡಾಕ್ಟರಿಗೆ ಸುಳ್ಳು ಹೇಳಿದಳು.

ಯಾರ ಅಕ್ಕ ಹೇಳುವುದಿಲ್ಲ ಅನ್ನುತ್ತೀರಾ? ಸರಿ. ಆದರೆ ನನ್ನ ಅಕ್ಕ ಸುಗುಣಾ ಸರ್ಕಾರಿ ಆಸ್ಪತ್ರೆಯಲ್ಲಿ ಇಡೀ ಸರ್ವೀಸ್ ಮುಗಿಸಿ ನಿವೃತ್ತಳಾದ ನರ್ಸ್. ವಾರ್ಡಿಗೆ ಬಂದ ಪ್ರತಿಯೊಬ್ಬರನ್ನೂ "ಮನ್ಯಾಗ ಏನೇನ್ ಗುಳಿಗಿ ತಗೋತೀರಿ? ಮುಚ್ಚಿಡಬ್ಯಾಡ್ರಿ ಮತ್ತ" ಎಂದು ಗದರಿಸಿ ಕೇಳಿದವಳು. ಅಂಥವಳು ತನ್ನ ಸರದಿ ಬಂದಾಗ ಡಾಕ್ಟರ್ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದ್ದೇನು ಗೊತ್ತೆ?

"ನಾನಾ? ಏನೂ ತಗೊಳ್ಳಂಗಿಲ್ರಿ. ಒಂದ್ ಬಿಪಿ ಗುಳಿಗಿ ಸೈತ ಇಲ್ಲ."

ಹೇಳುವಾಗ ಮುಖದಲ್ಲಿ ಹೆಮ್ಮೆ ಬೇರೆ. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ. ಹೌದು, ಏನೂ ಇಲ್ಲ.

ಆಗ ನಮ್ಮಿಬ್ಬರಿಗೂ ಅದು ಸತ್ಯವೇ ಆಗಿತ್ತು. ಕಷ್ಟ ಶುರುವಾದದ್ದೇ ಅಲ್ಲಿಂದ.

ಶುರುವಿನಿಂದ ಹೇಳುತ್ತೇನೆ. ನಾನಿರುವುದು ಧಾರವಾಡದಲ್ಲಿ, ಕಾಲೇಜಿನಲ್ಲಿ ಪಾಠ ಮಾಡಿಕೊಂಡು. ಅಕ್ಕ ಹಳೇ ಹುಬ್ಬಳ್ಳಿಯಲ್ಲಿ, ನಮ್ಮಪ್ಪ ಕಟ್ಟಿಸಿದ ಎರಡು ಖೋಲಿಯ ಮನೆಯಲ್ಲಿ. ಮದುವೆಯಾಗಲಿಲ್ಲ. ಓಣಿಯೇ ಅವಳ ಸಂಸಾರ. ಯಾರಿಗೆ ಜ್ವರ ಬಂದರೂ ಮೊದಲು ಅಕ್ಕನ ಬಾಗಿಲು ಬಡಿಯುತ್ತಾರೆ. ಹಿಂದೂಗಳಿಗೂ ಸಿಸ್ಟರ್, ಮುಸ್ಲಿಮರಿಗೂ ಸಿಸ್ಟರ್, ನಮ್ಮ ಚರ್ಚಿನವರಿಗೂ ಸಿಸ್ಟರ್. ಅವಳನ್ನು ಸಿಸ್ಟರ್ ಅನ್ನದೇ ಅಕ್ಕಾ ಎಂದು ಕರೆಯುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿರಬೇಕು.

ಒಂದು ಭಾನುವಾರ ಮುಂಜಾನೆ ಪಕ್ಕದ ಮನೆಯ ರಾಬಿಯಾ ಫೋನ್ ಮಾಡಿದಳು. ರಾಬಿಯಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅಕ್ಕನಿಗೆ ಮಗಳಿದ್ದ ಹಾಗೆ.

"ಶಾಂತಕ್ಕಾ, ಲಗೂನ ಬರ್ರಿ. ಸಿಸ್ಟರ್ ಕಣ್ಣು ಅರಿಷಿಣ ಹಚ್ಚಿದಂಗ ಆಗ್ಯಾವ್ರಿ. ಕೇಳಿದ್ರ ಏನೂ ಆಗಿಲ್ಲ ಹೋಗ ಅಂತಾರ."

(ನನ್ನ ಹೆಸರು ಶಾಂತಿ. ನನ್ನನ್ನು ಬಲ್ಲವರು ಈ ಹೆಸರು ಕೇಳಿದಾಗಲೆಲ್ಲ ನಗುತ್ತಾರೆ.)

ಚಿಗರಿ ಬಸ್ಸು ಹತ್ತಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಅಷ್ಟು ವೇಗವಾಗಿ ಹೋಗುವ ಬಸ್ಸು ಬೇರೆ ಇಲ್ಲ. ಆದರೂ ನವನಗರ ದಾಟುವಷ್ಟರಲ್ಲಿ ನನಗೆ ಎದ್ದು ಡ್ರೈವರ್ ಹತ್ತಿರ ಹೋಗಿ ನಿಲ್ಲಬೇಕು ಅನ್ನಿಸಿತು. ಹೋಗಿ ನಿಂತೆ ಕೂಡ. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿದ.

ಅಕ್ಕ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣಿನ ಬಿಳಿ ಎಂಬುದು ಉಳಿದೇ ಇರಲಿಲ್ಲ.

"ಕಾಮಣಿ ಆಗೇತಿ," ಅಂದಳು, ಪಕ್ಕದ ಬೆಡ್ಡಿನ ಪೇಶೆಂಟ್ ಬಗ್ಗೆ ಹೇಳುವಂತೆ. ಕಾಮಣಿ ಅಂದರೆ ನಮ್ಮ ಕಡೆ ಕಾಮಾಲೆ. "ನೀ ಯಾಕ್ ಓಡಿ ಬಂದಿ? ನಿನ್ನ ಮಾರಿ ನೋಡಿದ್ರ ನಿನಗ ಏನೋ ಆದಂಗೈತಿ."

ಆಸ್ಪತ್ರೆಗೆ ಹೋದೆವು. ಡಾಕ್ಟರ್ ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಅಕ್ಕ ಆ ಹೆಮ್ಮೆಯ ಉತ್ತರ ಕೊಟ್ಟದ್ದು ಆಗಲೇ. ಕುಡಿಯುತ್ತೀರಾ ಎಂದು ಡಾಕ್ಟರ್ ಕೇಳಿದಾಗ ಮಾತ್ರ ಅಕ್ಕ ಅವಳನ್ನು ನೋಡಿದ ರೀತಿಗೆ ಪಾಪದ ಹುಡುಗಿ ಪೆನ್ನು ಕೆಳಗಿಟ್ಟಳು.

ಕಾಮಾಲೆಯ ವೈರಸ್ಸುಗಳ ಟೆಸ್ಟ್ ಎಲ್ಲ ನೆಗೆಟಿವ್. ಪಿತ್ತಕೋಶದಲ್ಲಿ ಕಲ್ಲಿಲ್ಲ. ಗಡ್ಡೆಯಿಲ್ಲ. ಆದರೆ ಲಿವರ್ ಮಾತ್ರ ಉರಿಯುತ್ತಿದೆ. ಯಾಕೆ?

ಗೊತ್ತಿಲ್ಲ.

ಈ "ಗೊತ್ತಿಲ್ಲ" ಎಂಬ ಮಾತು ಇದೆಯಲ್ಲ, ಅದರ ಜತೆ ಒಂದು ವಾರ್ಡಿನಲ್ಲಿ ಕೂತು ನೋಡಿ. ದೊಡ್ಡ ರೋಗದ ಹೆಸರು ಹೇಳಿದರೂ ಮನುಷ್ಯ ಒಂದು ಕಡೆ ಕೂರುತ್ತಾನೆ. ಹೆಸರಿಲ್ಲದ ರೋಗ ಕೂರಲು ಬಿಡುವುದಿಲ್ಲ. ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಿದೆ. ಕ್ಯಾಂಟೀನಿಗೆ ಹೋಗಿ ಚಹಾ ಹೇಳಿ, ಕುಡಿಯದೇ ಎದ್ದು ಬಂದೆ. ಅಕ್ಕ ನಿದ್ದೆ ಮಾಡಿದರೆ ಉಸಿರಾಡುತ್ತಿದ್ದಾಳಾ ಎಂದು ಬಗ್ಗಿ ನೋಡಿದೆ. ಅವಳು ಒಂದು ಕಣ್ಣು ತೆರೆದು, "ಇನ್ನೂ ಅದೇನಿ, ಹೋಗಿ ಕುಂಡ್ರ" ಅಂದಳು.

ಆಸ್ಪತ್ರೆಯಲ್ಲಿದ್ದಷ್ಟು ದಿನ ಕಾಮಾಲೆ ಸ್ವಲ್ಪ ಸ್ವಲ್ಪ ಇಳಿಯಿತು. ಸಲೈನಿನ ಪುಣ್ಯ ಅಂದುಕೊಂಡು ಮನೆಗೆ ಕರೆತಂದೆ. ಕಾಲೇಜಿಗೆ ರಜೆ ಹಾಕಿ ನಾನೂ ಅಲ್ಲೇ ಉಳಿದೆ.

ಈಗ ಓಣಿಯ ಸರದಿ. ಕಾಮಾಲೆಗೆ ಔಷಧ ಗೊತ್ತಿಲ್ಲದವರು ನಮ್ಮೂರಿನಲ್ಲಿ ಯಾರಿದ್ದಾರೆ ಹೇಳಿ? ಒಬ್ಬರು ನೆಲನೆಲ್ಲಿ ಅರೆದು ತಂದರು. ಒಬ್ಬರು ಕಬ್ಬಿನ ಹಾಲು. ಅಕ್ಕ ಎಲ್ಲವನ್ನೂ ನಯವಾಗಿ ವಾಪಸ್ ಕಳಿಸಿದಳು. "ನೀರು ಎಂಥಾದ್ದು ಹಾಕಿರ್ತಾರೋ ಏನೋ," ಎಂದು ನನ್ನ ಹತ್ತಿರ ಪಿಸುಗುಟ್ಟಿದಳು. ನರ್ಸಮ್ಮನ ಬುದ್ಧಿ ಅಷ್ಟು ಚುರುಕು!

ಅವಳ ನಂಬಿಕೆ ಇದ್ದದ್ದು ಒಂದರ ಮೇಲೆ ಮಾತ್ರ. ಅಂಗಳದ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ. ಕೊರೊನಾ ಬಂದ ವರ್ಷ ಯಾರೋ ಕೊಟ್ಟ ಗೇಣುದ್ದದ ತುಂಡು ನೆಟ್ಟಿದ್ದಳು. ಆ ವರ್ಷ ನಾವೆಲ್ಲರೂ ಏನೇನು ಕುದಿಸಿ ಕುಡಿದೆವು ನಿಮಗೆ ನೆನಪಿದೆಯಲ್ಲ? ನೀವು ಕುಡಿದು ಮರೆತಿರಿ. ಅಕ್ಕ ಮರೆಯಲಿಲ್ಲ. ಅಲ್ಲಿಂದ ಇಲ್ಲಿಯವರೆಗೂ ದಿನಾ ಮುಂಜಾನೆ ಬಳ್ಳಿಯ ಕಾಂಡ ಜಜ್ಜಿ, ಮೆಣಸು ಜೀರಿಗೆ ಹಾಕಿ, ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಒಂದು ಲೋಟ. ತನಗಷ್ಟೇ ಅಲ್ಲ. ಹಲ್ಲುಜ್ಜಿದ ಮೇಲೆ ಓಣಿಯ ಅರ್ಧ ಮಂದಿ ಲೋಟ ಹಿಡಿದು ಅಕ್ಕನ ಕಟ್ಟೆಗೆ ಬರುತ್ತಿದ್ದರು.

"ಲಿವರಿಗೆ ಇದಕ್ಕಿಂತ ಛಲೋದು ಇಲ್ಲ," ಅಂದಳು ಅಕ್ಕ. "ದವಾಖಾನ್ಯಾಗ ತಪ್ಪೇತಿ. ಈಗ ಎರಡ್ ಹೊತ್ತು ಕೊಡು. ಸ್ವಲ್ಪ ಗಟ್ಟಿ ಮಾಡು."

ಗಟ್ಟಿ ಮಾಡಿದೆ. ಎರಡು ಹೊತ್ತು ಕೊಟ್ಟೆ. ವಿಪರೀತ ಕಹಿ. ಕಹಿ ಇದ್ದದ್ದಕ್ಕೇ ನನಗೂ ಧೈರ್ಯ. ಕಹಿಯಾದದ್ದು ಕೆಟ್ಟದ್ದು ಮಾಡುವುದಿಲ್ಲ ಎಂದು ನಮಗೆ ಯಾರು ಹೇಳಿಕೊಟ್ಟರೋ!

ಕೆಲವೇ ದಿನಗಳಲ್ಲಿ ಅಕ್ಕನ ಕಣ್ಣು ಮತ್ತೆ ಹಳದಿ. ಈ ಸಲ ಮೈ ತುರಿಕೆ. ಊಟದ ವಾಸನೆ ಬಂದರೆ ವಾಂತಿ. ಮತ್ತೆ ಆಸ್ಪತ್ರೆ. ಅಲ್ಲಿ ಮತ್ತೆ ಇಳಿಯಿತು. ಮನೆಗೆ ಬಂದರೆ ಮತ್ತೆ ಏರಿತು.

ಆಗ ನನಗೆ ಒಂದು ಯೋಚನೆ ಹೊಕ್ಕಿತು. ಆಸ್ಪತ್ರೆಯಲ್ಲಿ ಕಡಿಮೆಯಾಗುತ್ತದೆ, ಮನೆಯಲ್ಲಿ ಜಾಸ್ತಿಯಾಗುತ್ತದೆ. ಅಂದರೆ ಈ ಮನೆಯಲ್ಲೇ ಏನೋ ಇದೆ!

ಸರಿ, ಹುಡುಕಾಟ ಶುರು. ಮೇಲಿನ ನೀರಿನ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿದೆ. ಅಡಿಗೆ ಎಣ್ಣೆ ಬದಲಿಸಿದೆ. ಅರಿಷಿಣ ಪುಡಿ, ಖಾರದ ಪುಡಿ ಎರಡನ್ನೂ ಚೆಲ್ಲಿದೆ (ಬಣ್ಣ ಬೆರೆಸಿರುತ್ತಾರೆ ಎಂದು ಎಲ್ಲೋ ಓದಿದ್ದೆ). ಹಾಲಿನವನನ್ನು ಬಿಡಿಸಿದೆ. ಅಲ್ಯೂಮಿನಿಯಂ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದೆ. ಇಲಿ ಔಷಧ ಎಲ್ಲಾದರೂ ಇಟ್ಟಿದ್ದಾಳಾ ಎಂದು ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಗೋಡೆಯ ಸುಣ್ಣ ಕೆರೆದು ಮೂಸಿದೆ. ಅಕ್ಕ ಹಾಸಿಗೆಯಲ್ಲಿ ಬಿದ್ದುಕೊಂಡೇ, "ಪೊಲೀಸರನ್ನ ಕರಿ, ನಾಯಿ ತಗೊಂಡ್ ಬರ್ತಾರ" ಅಂದಳು.

ಇಷ್ಟೆಲ್ಲ ನಡೆಯುವಾಗ ಒಲೆಯ ಮೇಲೆ ಕಷಾಯ ಕುದಿಯುತ್ತಲೇ ಇತ್ತು. ನನ್ನ ಕಣ್ಣು ಅದರ ಮೇಲೆ ಬೀಳಲಿಲ್ಲವೇ? ಬಿತ್ತು. ಉಕ್ಕದಂತೆ ಉರಿ ಸಣ್ಣ ಮಾಡಿದೆ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ನನ್ನನ್ನು ಹೊರಗೆ ಕರೆದಳು. ರಕ್ತ ಹೆಪ್ಪುಗಟ್ಟುವ ಟೆಸ್ಟ್ ಕೂಡ ಕೆಡುತ್ತಿದೆ ಅಂದಳು. "ಹಿಂಗ ಹೋದ್ರ ಲಿವರ್ ಪೂರಾ ಕೈಕೊಡಬಹುದ್ರಿ ಮೇಡಂ. ಸೂಜಿ ಹಾಕಿ ಲಿವರಿಂದ ಒಂದು ಸಣ್ಣ ತುಕಡಿ ತಗದು ನೋಡಬೇಕಾಗ್ತದ. ದೊಡ್ಡ ಸೆಂಟರಿಗೆ ಕಳಸೂದರ ಬಗ್ಗೆನೂ ವಿಚಾರ ಮಾಡೂಣು."

ನನಗೆ ಕೇಳಿಸಿದ್ದು "ಪೂರಾ" ಎಂಬ ಶಬ್ದ ಮಾತ್ರ. ಅಪ್ಪ, ಅವ್ವ ಹೋದ ಮೇಲೆ ನನಗಿರುವವಳು ಇವಳೊಬ್ಬಳು. ಆಮೇಲೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಇಷ್ಟು ಓದಿ ಒಂದು ಕಾರಣ ಹುಡುಕಲಿಕ್ಕೆ ಆಗುವುದಿಲ್ಲವೇ? ಅಂದೇ ಬಿಟ್ಟೆ.

ಅವಳಿಗೆ ಸಿಟ್ಟು ಬರಲಿಲ್ಲ. ನೇರ ಅಕ್ಕನ ಮಂಚದ ಹತ್ತಿರ ಹೋದಳು. ಸ್ಟೂಲು ಎಳೆದುಕೊಂಡು ಕೂತಳು. ಈ ಸಲ ಔಷಧದ ಮಾತೇ ಎತ್ತಲಿಲ್ಲ.

"ಸಿಸ್ಟರ್, ಮನ್ಯಾಗ ನಿಮ್ಮ ದಿನಾ ಹೆಂಗ್ ಶುರು ಆಗ್ತದ ಹೇಳ್ರಿ. ಎದ್ದಕೂಡ್ಲೆ ಏನ್ ಮಾಡ್ತೀರಿ?"

"ಪ್ರಾರ್ಥನಾ ಮಾಡ್ತೇನಿ."

"ಆಮ್ಯಾಲ?"

"ಮಾರಿ ತೊಳಕೊಂಡು ಕಷಾಯ ಕಾಸ್ತೇನಿ."

"ಎಂಥಾ ಕಷಾಯ್ರಿ?"

ಅಕ್ಕನ ಮುಖ ಅರಳಿತು. ಹಾಸಿಗೆ ಹಿಡಿದ ಮೇಲೆ ಮೊದಲ ಸಲ. "ಅಮೃತಬಳ್ಳಿ! ಮನೀದ, ನನ್ನ ಕೈಲೇ ಹಚ್ಚಿದ್ದು. ನಿನಗೂ ಒಂದ್ ತುಕಡಿ ಕೊಡ್ತೇನಿ ತಡಿ. ಭಾಳ ಸೊರಗೀದಿ ನೋಡು."

ಡಾಕ್ಟರ್ ನನ್ನ ಕಡೆ ತಿರುಗಿದಳು. ನಾನು ಅವಳ ಕಣ್ಣು ತಪ್ಪಿಸಿ ಸಲೈನ್ ಬಾಟಲಿ ನೋಡಿದೆ. ಆಸ್ಪತ್ರೆಯಲ್ಲಿ ಬಳ್ಳಿ ಇಲ್ಲ. ಮನೆಯಲ್ಲಿ ಇದೆ. ಇಷ್ಟು ಸರಳ ಲೆಕ್ಕ ತೊಳೆದ ಟ್ಯಾಂಕಿನಲ್ಲಿ, ಚೆಲ್ಲಿದ ಅರಿಷಿಣದಲ್ಲಿ ಹುಡುಕಿದ್ದೆ.

"ಅದನ್ನ ಬಿಡಬೇಕ್ರಿ ಸಿಸ್ಟರ್. ಇವತ್ತಿಂದನ."

"ಯಾಕ?"

"ಅದರಿಂದನ ಲಿವರಿಗೆ ಪೆಟ್ಟು ಬಿದ್ದಿರಬಹುದ್ರಿ."

ಅಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ ಎದ್ದು ಕೂತಳು. "ಏ ಹುಡುಗಿ, ಅದು ಲಿವರ್ ಕಾಯೂ ಬಳ್ಳಿ. ನೀ ಹುಟ್ಟೂಕಿಂತ ಮೊದಲಿಂದ ಮಂದಿ ಕುಡಿಯಾಕತ್ತಾರ. ನಮ್ಮ ಓಣ್ಯಾಗ ಎಲ್ಲಾರೂ ಕುಡೀತಾರ. ಅವರಿಗ್ಯಾರಿಗೂ ಯಾಕ್ ಆಗಿಲ್ಲ?"

"ಎಲ್ಲಾರಿಗೂ ಆಗಂಗಿಲ್ರಿ. ಭಾಳ ಮಂದಿಗೆ ಏನೂ ಆಗಂಗಿಲ್ಲ, ಕೆಲವರಿಗೆ ಛಲೋನೂ ಅನಸಬಹುದು. ಇದು ಮೈಯಾಗಿನ ರೋಗ ತಡಿಯೂ ಶಕ್ತೀನ ಕೆಣಕತದ. ಒಬ್ಬೊಬ್ಬರ ಮೈಯಾಗ ಆ ಶಕ್ತಿ ಹೊರಗಿನ ರೋಗ ಬಿಟ್ಟು ತಮ್ಮ ಲಿವರ್ ಮ್ಯಾಲನ ಬೀಳತದ. ಕಳ್ಳನ್ನ ಹಿಡೀಲಿ ಅಂತ ನಾಯಿ ಛೂ ಬಿಟ್ರ ಮನೀ ಮಂದೀನ್ನ ಕಡದಂಗ."

"ಖಾತ್ರಿ ಏನು?"

"ನೂರಕ್ಕ ನೂರು ಖಾತ್ರಿ ಇಲ್ರಿ. ಬಿಟ್ಟು ನೋಡೂಣು. ಇಳದ್ರ ಗೊತ್ತಾಗ್ತದ."

ಖಾತ್ರಿ ಇಲ್ಲ ಎಂದು ಒಪ್ಪಿಕೊಂಡ ಆ ಹುಡುಗಿಯ ಮೇಲೆ ನನಗೆ ನಂಬಿಕೆ ಬಂತು. ಅಕ್ಕನಿಗೆ ಅದೇ ಮಾತಿನಿಂದ ನಂಬಿಕೆ ಹೋಯಿತು. ಗೋಡೆಯ ಕಡೆ ತಿರುಗಿ ಮಲಗಿದಳು.

ನಾನು ಮೊಬೈಲ್ ಹಿಡಿದು ಕೂತೆ. ಅಮೃತಬಳ್ಳಿ, ಲಿವರ್ ಎಂದು ಟೈಪ್ ಮಾಡಿದರೆ ಏನು ಬರುತ್ತದೆ ಗೊತ್ತೆ? ಎರಡೂ ಬರುತ್ತವೆ! ಒಂದು ಕಡೆ, ಲಿವರ್ ಕೆಡುವಂಥ ವಿಷ ಕೊಟ್ಟ ಇಲಿಗಳಿಗೆ ಈ ಬಳ್ಳಿಯ ಸಾರ ಕೊಟ್ಟರೆ ಅವುಗಳ ಲಿವರ್ ಉಳಿಯಿತು ಎಂಬ ಬರಹ. ಇನ್ನೊಂದು ಕಡೆ, ಇದೇ ಬಳ್ಳಿ ಕುಡಿದು ಲಿವರ್ ಕೆಟ್ಟು ಆಸ್ಪತ್ರೆ ಸೇರಿದ ಮನುಷ್ಯರ ಬಗ್ಗೆ ಡಾಕ್ಟರುಗಳ ಬರಹ. ಅದು ಅಮೃತಬಳ್ಳಿಯೇ ಅಲ್ಲ, ಅದರಂತೆಯೇ ಕಾಣುವ ಬೇರೆ ಬಳ್ಳಿ ಎನ್ನುವವರೂ ಇದ್ದಾರೆ. ಅಲ್ಲ, ಅದೇ ಎನ್ನುವವರೂ ಇದ್ದಾರೆ. ಓದಿ ಓದಿ ನನಗೇ ಪಿತ್ತ ಏರಿತು. ಕೊನೆಗೆ ಇಷ್ಟು ತಿಳಿಯಿತು: ಇಲಿಗೆ ಒಳ್ಳೆಯದಾಗಿರಬಹುದು. ಸಂತೋಷ. ಆದರೆ ವಾರ್ಡಿನಲ್ಲಿ ಮಲಗಿರುವುದು ನನ್ನ ಅಕ್ಕ.

"ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ" ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಎಫೆಕ್ಟ್ ಇದೆ ಎಂದು ಒಪ್ಪಿದ ಮೇಲೆ ಸೈಡ್ ಎಫೆಕ್ಟ್ ಮಾತ್ರ ಹೇಗೆ ಇಲ್ಲದಿದ್ದೀತು? ಅಂಗಡಿಯ ಗುಳಿಗೆಯೂ ಲಿವರ್ ಕೆಡಿಸುತ್ತದೆ. ಆದರೆ ಅದನ್ನು ನಾವು ಔಷಧ ಎಂದು ಒಪ್ಪಿಕೊಂಡಿದ್ದೇವೆ. ಇಷ್ಟೇ, ಇಷ್ಟು ಹೊತ್ತಿಗೆ, ಇಷ್ಟು ದಿನ ಎಂದು ಅಳೆಯುತ್ತೇವೆ. ಅಂಗಳದಲ್ಲಿ ಬೆಳೆದದ್ದಕ್ಕೆ ಅಳತೆ ಏನು? ನನ್ನ ಕೈಯ ಅಂದಾಜು. ನಾನು "ಗಟ್ಟಿ" ಮಾಡಿದೆನಲ್ಲ, ಎಷ್ಟು ಗಟ್ಟಿ? ದೇವರಿಗೇ ಗೊತ್ತು.

ಮರುದಿನ ಮನೆಗೆ ಹೋದವಳೇ ಕುಡುಗೋಲು ತೆಗೆದುಕೊಂಡು ಬೇವಿನ ಮರದ ಹತ್ತಿರ ಹೋದೆ. ರಾಬಿಯಾ ಕಾಂಪೌಂಡ್ ಆಚೆಯಿಂದ ಓಡಿ ಬಂದು ಕೈ ಹಿಡಿದಳು.

"ಬ್ಯಾಡ್ರಿ ಶಾಂತಕ್ಕಾ. ಸಿಸ್ಟರ್‌ನ ಕೇಳದ ಕಡೀಬ್ಯಾಡ್ರಿ. ಮನೀಗೆ ಬಂದು ನೋಡಿದ್ರ ಎದಿ ಒಡಕೋತಾರ."

ಕುಡುಗೋಲು ಕೆಳಗಿಟ್ಟೆ.

ಕಷಾಯ ನಿಲ್ಲಿಸಿದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆಯಬೇಕೆಂದು ನನಗೂ ಆಸೆ. ಹಾಗಾಗಲಿಲ್ಲ. ಮುಂದಿನ ರಿಪೋರ್ಟಿನಲ್ಲಿ ಕಾಮಾಲೆ ಇನ್ನೂ ಏರಿತ್ತು. ಅಕ್ಕ ರಿಪೋರ್ಟ್ ನೋಡಿ ನನ್ನ ಕಡೆ ಒಂದು ನೋಟ ಬಿಟ್ಟಳು. ನೋಡಿದೆಯಾ, ಬಳ್ಳಿಯದೇನು ತಪ್ಪು ಎಂಬಂತೆ. ಆ ನೋಟದಲ್ಲಿ ಗೆಲುವಿತ್ತು. ತನ್ನ ಸಾವಿನ ಕಡೆ ಹೋಗುವ ರಿಪೋರ್ಟ್ ಹಿಡಿದು ಗೆದ್ದೆ ಅನ್ನುವವಳಿಗೆ ಏನು ಹೇಳುವುದು? ಡಾಕ್ಟರ್ ಸ್ಟೆರಾಯ್ಡ್ ಶುರು ಮಾಡಿದಳು. ನಾನು ಚರ್ಚಿಗೆ ಹೋಗಿ ಕೂತೆ. ಪ್ರಾರ್ಥನೆ ಬರಲಿಲ್ಲ. ಬೆಂಚಿನ ಮೇಲೆ ಯಾರೋ ಕೆತ್ತಿದ ಅಕ್ಷರಗಳನ್ನು ಉಗುರಿನಿಂದ ಕೆರೆಯುತ್ತ ಕೂತು ಎದ್ದು ಬಂದೆ.

ಆಮೇಲೆ, ಒಂದು ಮುಂಜಾನೆ, ಅಕ್ಕ ಹಸಿವು ಅಂದಳು.

"ಒಂದ್ ಸ್ವಲ್ಪ ಜ್ವಾಳದ ನುಚ್ಚು, ಮಜ್ಜಿಗಿ ಸಿಗತೈತೇನು?"

ನುಚ್ಚು ತರಲು ಮೆಟ್ಟಿಲು ಇಳಿಯುವಾಗ ನಾನು ಅತ್ತದ್ದನ್ನು ಲಿಫ್ಟಿನವನೊಬ್ಬ ನೋಡಿದ. ಅಂದಿನಿಂದ ರಿಪೋರ್ಟ್ ಇಳಿಯತೊಡಗಿತು. ನಿಧಾನ. ಆದರೆ ಮನೆಗೆ ಬಂದ ಮೇಲೂ ಇಳಿಯುತ್ತಲೇ ಹೋಯಿತು.

ಅಕ್ಕ ಒಪ್ಪಿದಳೇ? ಎಲ್ಲಿಂದ! "ಸ್ಟೆರಾಯ್ಡ್ ಕೊಟ್ರು, ಇಳೀತು. ಬಳ್ಳಿ ಮ್ಯಾಲ ಯಾಕ್ ಹಾಕತೀರಿ?" ಎಂದು ವಾದ. ಅಂಗಳದ ಕಟ್ಟೆಯ ಮೇಲೆ ದಿಂಬು ಹಾಕಿಕೊಂಡು, ಬಳ್ಳಿಯನ್ನೇ ನೋಡುತ್ತ ವಾದ.

ಆ ವಾದ ನಿಂತದ್ದು ರಾಬಿಯಾಳಿಂದ.

ಒಂದು ದಿನ ಮಧ್ಯಾಹ್ನ ರಾಬಿಯಾ ಅಕ್ಕನಿಗೆ ಗಂಜಿ ತಂದವಳು ಕಟ್ಟೆಯ ಮೇಲೆ ಕುಸಿದು ಕೂತಳು. ಮಶೀನ್ ತುಳಿಯಲು ಕಾಲಲ್ಲಿ ಶಕ್ತಿ ಇಲ್ಲ ಅಂದಳು. ಹದಿನೈದು ದಿನದಿಂದ ಊಟ ಸೇರುತ್ತಿಲ್ಲವಂತೆ. ಮೈಯೆಲ್ಲ ತುರಿಕೆಯಂತೆ. ಹೇಳುತ್ತ ಹೇಳುತ್ತ ಮೊಣಕೈ ಕೆರೆದುಕೊಂಡಳು.

ಅಕ್ಕ ದಿಂಬು ಬಿಟ್ಟು ಎದ್ದಳು. ನಾನು ಅವಳನ್ನು ಆಸ್ಪತ್ರೆಯ ಯೂನಿಫಾರ್ಮಿನಲ್ಲಿ ನೋಡಿ ಎಷ್ಟೋ ವರ್ಷವಾಗಿತ್ತು. ಆದರೆ ಎದ್ದದ್ದು ಆ ನರ್ಸೇ. ರಾಬಿಯಾಳ ಗದ್ದ ಹಿಡಿದು ಬಿಸಿಲಿನ ಕಡೆ ತಿರುಗಿಸಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ನೀ ಇನ್ನೂ ಕಷಾಯ ಕುಡಿಯಾಕತ್ತಿ ಏನು?"

"ಹೂನ್ರಿ ಸಿಸ್ಟರ್. ನೀವ ಹೇಳಿದ್ರೆಲ್ಲಾ, ನನ್ನ ಥೈರಾಯ್ಡಿಗೂ ಛಲೋ ಅಂತ. ನೀವು ದವಾಖಾನ್ಯಾಗಿದ್ದಾಗ ನಾನ ಹರಕೊಂಡು ಕುದಿಸಿಕೊಂಡೆ. ಬಿಡಬಾರದಂದಿದ್ರಿ."

ಅಕ್ಕನ ಕೈ ರಾಬಿಯಾಳ ಗದ್ದದ ಮೇಲೇ ಉಳಿಯಿತು.

ಕಾಯಿಲೆ ಬಿದ್ದಷ್ಟು ದಿನ ಎಷ್ಟೇ ಸಂಕಟವಾದರೂ ನನ್ನ ಅಕ್ಕ ಹೆದರಿದ್ದನ್ನು ನಾನು ನೋಡಿರಲಿಲ್ಲ. ಆಗ ನೋಡಿದೆ.

ಇನ್ನೂ ಸ್ಟೆರಾಯ್ಡ್ ನುಂಗುತ್ತಿದ್ದವಳು, ಊದಿಕೊಂಡ ಮುಖದವಳು, ಸೀರೆ ಬದಲಿಸಿ ರಾಬಿಯಾಳನ್ನು ಆಟೋದಲ್ಲಿ ತಾನೇ ಕರೆದೊಯ್ದಳು. ನಾನು ಬರುತ್ತೇನೆ ಅಂದರೆ, "ನೀ ಬಂದು ತಿರುಗ್ಯಾಡಿ ತಿರುಗ್ಯಾಡಿ ನಮಗ ತಲಿ ತಿರುಗಸ್ತಿ, ಇಲ್ಲೇ ಇರು" ಅಂದಳು. ಡಾಕ್ಟರ್ ಎದುರು ಕೂತು ರಾಬಿಯಾ ಏನೇನು ಕುಡಿದಳು, ಎಷ್ಟು, ಯಾರು ಕೊಟ್ಟರು, ಎಲ್ಲವನ್ನೂ ಅಕ್ಕನೇ ಹೇಳಿದಳಂತೆ. "ಯಾರು ಕೊಟ್ಟರು" ಎಂದು ಡಾಕ್ಟರ್ ಕೇಳಿರಲಿಲ್ಲವಂತೆ. (ಇದು ರಾಬಿಯಾ ನನಗೆ ಹೇಳಿದ್ದು.)

ರಾಬಿಯಾಳ ಲಿವರಿನ ಟೆಸ್ಟ್ ಕೆಟ್ಟಿತ್ತು. ಅಕ್ಕನಷ್ಟು ಇಲ್ಲ. ಕಣ್ಣು ಹಳದಿಯಾಗಿರಲಿಲ್ಲ. ಸಮಯಕ್ಕೆ ಬಂದಿರಿ, ಥೈರಾಯ್ಡ್ ಇದ್ದವರು ಇದರ ಬಗ್ಗೆ ಇನ್ನೂ ಹುಷಾರಾಗಿರಬೇಕು ಎಂದು ಡಾಕ್ಟರ್ ಹೇಳಿ ಕಷಾಯ ನಿಲ್ಲಿಸಿದಳಂತೆ.

ಸಂಜೆ ರಾಬಿಯಾಳ ಗಂಡ ಬಂದ. ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವ ಮನುಷ್ಯ. ಜೋರಾಗಿ ಮಾತಾಡಿದವನಲ್ಲ. ಹೊಸ್ತಿಲ ಹೊರಗೇ ನಿಂತ. ನಾನು ಎದ್ದು ಒಳಗೆ ಬರಲು ಹೇಳಿದೆ. ಬರಲಿಲ್ಲ.

"ಸಿಸ್ಟರ್, ಆಕಿ ಬಳ್ಳಿ ಮ್ಯಾಲ ಭರೋಸಾ ಇಟ್ಟು ಕುಡೀಲಿಲ್ರಿ. ನಿಮ್ಮ ಮ್ಯಾಲ ಇಟ್ಟು ಕುಡದಳು."

ಅಷ್ಟೇ ಹೇಳಿದ. ಹೋದ.

ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳು. ಅವಳಿಗೆ ಅದು ಬರುತ್ತದೆ. ನಾನು ಸಮಾಧಾನ ಹೇಳಲು ಹೋದೆ: ನೀನು ಒಳ್ಳೆಯದಕ್ಕೇ ಕೊಟ್ಟೆ, ಯಾರಿಗೆ ಗೊತ್ತಿತ್ತು, ಇತ್ಯಾದಿ. ಕೈ ಅಡ್ಡ ಮಾಡಿ ತಡೆದಳು.

"ವಾರ್ಡಿನ್ಯಾಗ ಬ್ಯಾರೆ ಯಾರರೆ ಹಿಂಗ ಮಾಡಿದ್ರ ನಾ ಏನ್ ಅಂತಿದ್ದೆ ಹೇಳು ಶಾಂತಿ? ಸುಮ್ಮನ ಬಿಡತಿದ್ನೇನು?"

ಮರುದಿನ ಮುಂಜಾನೆ ಅಕ್ಕ ಓಣಿಗೆ ಇಳಿದಳು. ಕೈಯಲ್ಲಿ ನನ್ನ ಕೈ. ಲೋಟ ಹಿಡಿದು ಬಂದಿದ್ದ ಪ್ರತಿಯೊಬ್ಬರ ಮನೆಗೂ ಹೋದಳು. ಕೂರಲಿಲ್ಲ. ಚಹಾ ಕುಡಿಯಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದಳು: "ಅಮೃತಬಳ್ಳಿ ಬಂದ್ ಮಾಡ್ರಿ. ನನಗ ಲಿವರ್ ಕೆಟ್ಟೈತಿ, ರಾಬಿಯಾಗ ಕೆಟ್ಟೈತಿ. ಒಂದ್ ಸಲ ರಕ್ತ ತೋರಿಸಿಕೊಳ್ರಿ. ಕುಡೀರಿ ಅಂದಾಕಿ ನಾನ, ಬ್ಯಾಡ ಅನ್ನಾಕೂ ನಾನ ಬಂದೇನಿ."

ನನಗೆ ಕಣ್ಣು ಒದ್ದೆಯಾಯಿತು. ಓಣಿಗೆ? ಓಣಿಗೆ ನಗು ಬಂತು.

ಮೂಲೆಮನೆಯ ಈರಣ್ಣ ಕಾಕಾ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಕಾಲು ಚಾಚಿ ಮೊಣಕಾಲು ತೋರಿಸಿದರು. "ಇದ ನೋಡವಾ ಸಿಸ್ಟರ್. ಹ್ವಾದ ವರ್ಷ ಕುಂತ್ರ ಏಳಾಕ ಆಗ್ತಿರಲಿಲ್ಲ. ಈಗ ಉಣಕಲ್ ಕೆರಿ ಸುತ್ತ ಹಾಕ್ತೇನಿ. ನಿನ್ನ ಕಷಾಯದ್ದ ಪುಣ್ಯ. ಈಗ ಬಂದು ಬ್ಯಾಡ ಅಂತೀಯಲ್ಲ! ನಿನ್ನ ಕಾಮಣಿ ನನಗ್ಯಾಕ?"

"ಕಾಕಾ, ರಕ್ತಾ ಒಂದ್ ತೋರಸ್ರಿ."

"ಯಾಕ್ ತೋರಸ್ಲಿ? ಆರಾಮ ಅದೇನಿ."

ಅಕ್ಕ ಬಿಡಲಿಲ್ಲ. ಮತ್ತೆ ಮತ್ತೆ ಹೋಗಿ ಕಾಡಿದಳು. ಕಾಟ ತಾಳದೇ ಕಾಕಾ ಟೆಸ್ಟ್ ಮಾಡಿಸಿದರು. ಎಲ್ಲ ಸರಿಯಾಗಿತ್ತು! ಒಂದಂಶ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ರಿಪೋರ್ಟನ್ನು ಅವರು ಓಣಿಗೆಲ್ಲ ತೋರಿಸಿಕೊಂಡು ಬಂದರು. ಅದನ್ನು ನೋಡಿದಾಗ ನನಗೆ ಏನನ್ನಿಸಿತು ಹೇಳಲೇ? ಅವರು ಆರಾಮ ಇದ್ದಾರೆ ಎಂದು ಸಂತೋಷ. ಛೇ, ಇನ್ನು ಯಾರು ನಮ್ಮ ಮಾತು ಕೇಳುತ್ತಾರೆ ಎಂದು ಸಂಕಟ. ಎರಡೂ ಒಟ್ಟಿಗೆ. ಒಂದೇ ಬಳ್ಳಿ, ಒಂದೇ ಪಾತ್ರೆಯಲ್ಲಿ ಕುದ್ದದ್ದು. ಒಬ್ಬರನ್ನು ಕೆರೆ ಸುತ್ತಿಸಿತು, ಇಬ್ಬರನ್ನು ಆಸ್ಪತ್ರೆಗೆ ಓಡಿಸಿತು. ಮೊಣಕಾಲು ನೆಟ್ಟಗಾದದ್ದು ಬಳ್ಳಿಯಿಂದಲೋ ಕೆರೆಯ ಸುತ್ತಿನಿಂದಲೋ, ಅದನ್ನಾದರೂ ಯಾರು ಹೇಳಬಲ್ಲರು?

ರಾಬಿಯಾ ಈಗ ಮಶೀನ್ ತುಳಿಯುತ್ತಿದ್ದಾಳೆ. ಅವಳ ರಿಪೋರ್ಟ್ ಸರಿಯಾಯಿತು. ಗಂಡ ಇನ್ನೂ ಅಕ್ಕನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಆದರೆ ಕಳೆದ ವಾರ ನಮ್ಮ ಗೇಟಿನ ಕೊಂಡಿ ಮುರಿದಾಗ ಯಾರೂ ಕರೆಯದೇ ಬಂದು ವೆಲ್ಡಿಂಗ್ ಮಾಡಿ ಹೋದ. ಅಕ್ಕ ಕಿಟಕಿಯಿಂದ ನೋಡುತ್ತ ನಿಂತಿದ್ದಳು. ಹೊರಗೆ ಹೋಗಿ ಏನಾದರೂ ಅನ್ನು ಅಂದೆ. "ಕೆಲಸಾ ಮಾಡಾಕತ್ತಾನ, ಮಾಡ್ಲಿ" ಅಂದಳು.

ಬಳ್ಳಿ? ಕಡಿಯಲೇ ಎಂದು ಅಕ್ಕನನ್ನು ಕೇಳಿದ್ದೆ. "ಅದೇನ್ ಮಾಡೈತಿ ಪಾಪ? ತನ್ನಷ್ಟಕ್ಕ ತಾ ಬೆಳದೈತಿ. ಕೊಯ್ದು ಕುದಿಸಿದಾಕಿ ನಾನು," ಅಂದಳು. ಹಾಗಾಗಿ ಅದು ಬೇವಿನ ಮರದ ಮೇಲೆ ಆರಾಮವಾಗಿದೆ. ಮಳೆ ಬಿದ್ದ ಮೇಲೆ ಕಾಂಪೌಂಡ್ ದಾಟಿ ಬೀದಿಗೂ ಇಳಿದಿದೆ. ಮುಂಜಾನೆ ವಾಕಿಂಗ್ ಹೋಗುವವರು ಅತ್ತಿತ್ತ ನೋಡಿ ಒಂದು ತುಂಡು ಮುರಿದುಕೊಂಡು ಹೋಗುತ್ತಾರೆ. ಅಕ್ಕ ಒಳಗಿನಿಂದ ಕೂಗುತ್ತಾಳೆ. ಅವರು ನಿಲ್ಲುತ್ತಾರೆ, ವಾದಕ್ಕೆ.

ಯಾವ ಪುಸ್ತಕದಲ್ಲಿ ಬರೆದಿದೆ? ಯಾವ ಡಾಕ್ಟರ್ ಹೇಳಿದ್ದು? ಎಷ್ಟು ಮಂದಿಗೆ ಆಗಿದೆ? ಪ್ರೂಫ್ ಏನು? ನಿನಗೆ ಮೊದಲೇ ಏನಾದರೂ ಇತ್ತೋ ಏನೋ? ಈರಣ್ಣ ಕಾಕಾಗೆ ಯಾಕೆ ಆಗಲಿಲ್ಲ?

ಅಕ್ಕ ಲೋಟ ತುಂಬಿಸಿ ಕೊಡುತ್ತಿದ್ದಾಗ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ; ಬೇಡ ಅಂದ ಮೇಲೆ ಓಣಿಗೆ ಓಣಿಯೇ ವಿಜ್ಞಾನಿಯಾಗಿದೆ.